ಹೃದಯ ಮರೆತ ಕಸುಬು

ಕುರುಗೋಡಿನ ಬೆಟ್ಟದಲ್ಲಿ ಬಂಡೆಯೊಂದು ಬಿರಿದರೆ ಆ ಬಿರುಕು ಮತ್ತೆ ಕೂಡುವುದಿಲ್ಲ. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಗದ್ದೆಯಾದರೋ ಕೊಯ್ಲಾದರೂ ಬರಿದಾಗಿ ಉಳಿಯದು. ಸಸಿಮಡಿಯ ಪೈರನ್ನು ತಂದು ನಾಟಿ ಮಾಡಿದರೆ ಮರಳಿ ಹಸುರಾಗುತ್ತದೆ. ಮನುಷ್ಯನ ಹೃದಯ ಇವೆರಡರಲ್ಲಿ ಯಾವುದರಂತೆ?

ಒಡೆದ ಹೃದಯವನ್ನು ಬೆಸೆಯುವ ಮಾತನ್ನು ಕವಿಗಳು ಸುಲಭವಾಗಿ ಆಡಿಯಾರು. ವೈದ್ಯರಿಗೆ ಆ ಸೌಲಭ್ಯವಿಲ್ಲ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಕಟ್ಟುತ್ತದೆ. ಅದು ತೂತನ್ನು ಮುಚ್ಚೀತು, ಮಿಡಿಯಲಾರದು. ಆದರೂ ಹೃದಯ ಬರಿಯ ಬಂಡೆಯಲ್ಲ. ಇಪ್ಪತ್ತೈದರ ಹರೆಯದಲ್ಲಿ ವರ್ಷಕ್ಕೆ ನೂರಕ್ಕೊಂದರಂತೆ ಅದರ ಸ್ನಾಯುಕೋಶಗಳು ಹೊಸದಾಗುತ್ತವೆಂದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಮುಪ್ಪಿನಲ್ಲಿ ಅದು ಅರ್ಧಕ್ಕೂ ಇಳಿಯುತ್ತದೆ. ಆಘಾತದ ನಷ್ಟವನ್ನು ತುಂಬಲು ಇಷ್ಟು ಸಾಲದು.

ಹೃದಯವನ್ನು ಹೊರಗಿನಿಂದ ಹೊದ್ದಿರುವ ತೆಳುಪೊರೆಯೊಂದುಂಟು, ಹೆಸರು ಎಪಿಕಾರ್ಡಿಯಂ. ಗರ್ಭದಲ್ಲಿರುವಾಗ ಈ ಪೊರೆಯ ಜನಕಕೋಶಗಳು ಒಳಗಿಳಿದು ರಕ್ತನಾಳಗಳ ಗೋಡೆಯನ್ನೂ ನಾರಿನ ಅಂಗಾಂಶವನ್ನೂ ಕಟ್ಟುತ್ತವೆ. ಸ್ನಾಯು ಬೆಳೆಯುವಂತೆ ರಾಸಾಯನಿಕ ಸಂಕೇತಗಳನ್ನು ಕಳುಹಿಸುತ್ತವೆ. ಜನನಾನಂತರ ಈ ಕಸುಬು ಬಹುಮಟ್ಟಿಗೆ ಮರೆಯಾಗುತ್ತದೆ. ಜೀಬ್ರಾ ಮೀನು ಮಾತ್ರ ಮರೆತಿಲ್ಲ. ಅದರ ಹೃತ್ಕುಕ್ಷಿಯ ಐದರಲ್ಲೊಂದು ಪಾಲನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಮರಳಿ ಬೆಳೆಯುವುದೆಂದು 2002ರಲ್ಲಿ ಕಂಡುಬಂತು. ಗಾಯವಾದೊಡನೆ ಎಚ್ಚರಗೊಳ್ಳುವುದು ಈ ಪೊರೆಯೆ. ಹುಟ್ಟಿದ ಮರುದಿನದ ಇಲಿಮರಿಗೂ ಆ ಶಕ್ತಿಯುಂಟು. ವಾರದೊಳಗೆ ಅದು ಕಳೆದುಹೋಗುತ್ತದೆ.

ನಿದ್ರಿಸುವ ಪೊರೆಯನ್ನು ಎಬ್ಬಿಸಬಹುದೆ? ಗಾಯಕ್ಕೆ ಮೊದಲೇ ಥೈಮೊಸಿನ್ ಬೀಟಾ-4 ಎಂಬ ಪ್ರೋಟೀನನ್ನು ಕೊಟ್ಟ ಇಲಿಗಳಲ್ಲಿ ಈ ಪೊರೆಯಿಂದ ಕೆಲವು ಸ್ನಾಯುಕೋಶಗಳು ಹುಟ್ಟಿದುವೆಂದು 2011ರಲ್ಲಿ ಲಂಡನ್ನಿನಿಂದ ವರದಿ ಬಂತು. ಗಾಯವಾದ ಮೇಲೆ ಕೊಟ್ಟರೆ ಹಾಗಾಗದೆಂದು ಮರುವರ್ಷ ಇನ್ನೊಂದು ತಂಡ ಕಂಡಿತು. ರೋಗಿ ಆಘಾತವಾದ ಮೇಲೆ ತಾನೆ ವೈದ್ಯರಲ್ಲಿಗೆ ಬರುವುದು! 2019ರಲ್ಲಿ ಕೇಂಬ್ರಿಜ್ಜಿನವರು ಮಾನವ ಮೂಲಕೋಶಗಳಿಂದ ಬೆಳೆಸಿದ ಪೊರೆಯ ಕೋಶಗಳನ್ನೂ ಸ್ನಾಯುಕೋಶಗಳನ್ನೂ ಜೊತೆಗೂಡಿಸಿ ಇಲಿಯ ಹೃದಯದಲ್ಲಿ ನಾಟಿ ಮಾಡಿದರು. ಒಂಟಿ ಸ್ನಾಯುಕೋಶಗಳಿಗಿಂತ ಅವು ಚೆನ್ನಾಗಿ ಬೇರೂರಿದವು.

ಆದರೆ ಆಸೆ ಅವಸರಪಡಬಾರದು. ಹೃದಯದೊಳಗೇ ಬೇರೊಂದು ಬಗೆಯ ಮೂಲಕೋಶವಿದೆಯೆಂದು ಸಾರಿದ ಪ್ರಯೋಗಶಾಲೆಯೊಂದರ ಮೂವತ್ತೊಂದು ಲೇಖನಗಳನ್ನು ಹಿಂತೆಗೆಯುವಂತೆ 2018ರಲ್ಲಿ ಹಾರ್ವರ್ಡ್ ಕೇಳಬೇಕಾಯಿತು. ಆ ಮಾತನ್ನು ನಂಬಿ ರೋಗಿಗಳ ಮೇಲೂ ಪ್ರಯೋಗಗಳು ನಡೆದಿದ್ದವು.

ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು 1961ರಲ್ಲಿಯೇ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಕರ್ನಾಟಕ ಸರಕಾರ 2023ರಲ್ಲಿ ತೊಡಗಿತು. ಇವು ಸತ್ತ ಸ್ನಾಯುವನ್ನು ಬದುಕಿಸಲಾರವು, ಸಾಯಲಿರುವುದನ್ನು ಉಳಿಸಬಲ್ಲವು. ಎದೆನೋವನ್ನು ವಾಯುವೆಂದು ಬಗೆದು ಬೆಳಗಿನ ಬಸ್ಸಿಗೆ ಕಾಯುವ ಸಿರುಗುಪ್ಪದ ರೈತ ಕಳೆದುಕೊಳ್ಳುವುದು ಒಂದು ರಾತ್ರಿಯನ್ನಲ್ಲ, ಮತ್ತೆ ನಾಟಿ ಮಾಡಲಾಗದ ಗದ್ದೆಯನ್ನು. ಹೃದಯಕ್ಕೆ ಅದರ ಹಳೆಯ ಕಸುಬನ್ನು ವಿಜ್ಞಾನ ನೆನಪಿಸುವವರೆಗೂ ಇರುವ ಪೈರನ್ನು ಕಾಯುವುದೇ ನಮ್ಮ ಬೇಸಾಯ.