ಮರೆವಿಗೆ ದಂಡ ವಿಧಿಸುವ ಮುನ್ನ

2007ರಲ್ಲಿ ನಾನು ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ಇಲಾಖಾ ಕಚೇರಿಯ ಮುಖ್ಯಸ್ಥನಾಗಿದ್ದೆ. ಅಲ್ಲಿನ ಆವಕ ಶಾಖೆಯಲ್ಲಿ ನಲವತ್ತರ ಆಸುಪಾಸಿನ ದ್ವಿತೀಯ ದರ್ಜೆ ಸಹಾಯಕರೊಬ್ಬರಿದ್ದರು. ಅಚ್ಚುಕಟ್ಟಾದ ಕೆಲಸಕ್ಕೆ ಹೆಸರಾಗಿದ್ದ ಅವರು ಆ ವರ್ಷ ತಪ್ಪಿನ ಮೇಲೆ ತಪ್ಪು ಮಾಡತೊಡಗಿದರು. ಒಂದೇ ಪತ್ರವನ್ನು ಎರಡು ಬಾರಿ ವಹಿಗೆ ಏರಿಸುತ್ತಿದ್ದರು, ಇನ್ನೊಂದನ್ನು ಮೇಜಿನ ಖಾನೆಯಲ್ಲೇ ಬಿಟ್ಟುಬಿಡುತ್ತಿದ್ದರು. ನ್ಯಾಯಾಲಯದಿಂದ ಬಂದ ಪತ್ರವೊಂದು ಹೀಗೆ ಖಾನೆಯಲ್ಲಿ ಉಳಿದು ಇಲಾಖೆ ಮುಜುಗರಕ್ಕೆ ಒಳಗಾದಾಗ ಅವರಿಗೆ ಕಾರಣ ಕೇಳುವ ನೋಟಿಸು ಜಾರಿ ಮಾಡಿದೆ. ‘ಮರೆತುಹೋಯಿತು’ ಎಂಬ ಒಂದೇ ಪದದ ಲಿಖಿತ ವಿವರಣೆ ಬಂತು. ಅದನ್ನು ಉದ್ಧಟತನವೆಂದು ಭಾವಿಸಿ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿದು ಆದೇಶ ಹೊರಡಿಸಿದೆ.

ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಕುಟುಂಬ ಪಿಂಚಣಿಯ ಕಾಗದಪತ್ರಗಳಿಗಾಗಿ ಬಂದ ಅವರ ಪತ್ನಿ, ಕೊಠಡಿಯಲ್ಲಿ ಬೇರಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಪತಿಗೆ ಇದ್ದ ಸೋಂಕಿನ ಹೆಸರು ಹೇಳಿದರು. ‘ಮನ್ಯಾಗೂ ಹಂಗ ಆಗಿತ್ರೀ ಸಾಹೇಬ್ರ. ಗುಳಗಿ ನುಂಗೀನೋ ಇಲ್ಲೋ ಅಂತ ನನ್ನನ್ನ ಕೇಳತಿದ್ರು’ ಎಂದರು. ಆಕೆಯ ಮಾತಿನಲ್ಲಿ ದೂರು ಇರಲಿಲ್ಲ. ಆ ಮರೆವಿಗೆ ಎಚ್‌ಐವಿಯೇ ಕಾರಣವಾಗಿತ್ತೆಂದು ಇಂದು ನಾನು ಹೇಳಲಾರೆ. ಯಾವ ವೈದ್ಯರೂ ಅದನ್ನು ಪರೀಕ್ಷಿಸಿರಲಿಲ್ಲ. ಆದರೆ ಮರೆವಿಗೂ ಕಾಯಿಲೆಗೂ ಸಂಬಂಧವಿರಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ ಎಂಬುದಂತೂ ನಿಜ. ನಿವೃತ್ತಿಯ ನಂತರ ಈ ವಿಷಯದ ಬಗ್ಗೆ ಓದಲು ತೊಡಗಿದ್ದಕ್ಕೆ ಆ ಭೇಟಿಯೇ ಕಾರಣ.

ಎಚ್‌ಐವಿ ಎಂದೊಡನೆ ರೋಗನಿರೋಧಕ ಶಕ್ತಿಯ ಕುಸಿತವಷ್ಟೇ ನಮ್ಮ ಕಣ್ಮುಂದೆ ಬರುತ್ತದೆ. ಈ ವೈರಾಣು ಮಿದುಳನ್ನೂ ಪ್ರವೇಶಿಸುತ್ತದೆ, ಅದೂ ಸೋಂಕು ತಗುಲಿದ ಆರಂಭದ ದಿನಗಳಲ್ಲೇ, ಎಂಬುದು ಅನೇಕ ವಿದ್ಯಾವಂತರಿಗೂ ತಿಳಿದಿಲ್ಲ. ರಕ್ತದಲ್ಲಿನ ಅನಪೇಕ್ಷಿತ ವಸ್ತುಗಳು ಮಿದುಳಿಗೆ ಸೇರದಂತೆ ತಡೆಯುವ ಸಹಜ ರಕ್ಷಣಾ ಗೋಡೆಯೊಂದು ನಮ್ಮೆಲ್ಲರಲ್ಲೂ ಇದೆ. ಸೋಂಕಿತ ಬಿಳಿ ರಕ್ತಕಣಗಳು ಆ ಗೋಡೆಯನ್ನು ದಾಟುವಾಗ ವೈರಾಣುವನ್ನೂ ಜೊತೆಗೆ ಒಯ್ಯುತ್ತವೆ. ಅದು ನರಕೋಶಗಳಿಗೆ ನೇರವಾಗಿ ಸೋಂಕು ಹಚ್ಚುವುದಿಲ್ಲ. ಅವುಗಳ ಸುತ್ತ ಕಾವಲು ಕಾಯುವ ಕೋಶಗಳಲ್ಲಿ ನೆಲೆಸುತ್ತದೆ. ಆ ಕೋಶಗಳಿಂದ ಹೊರಬೀಳುವ ವಿಷಕಾರಿ ಅಂಶಗಳು ಮತ್ತು ದೀರ್ಘಕಾಲದ ಉರಿಯೂತದಿಂದ ನರಕೋಶಗಳು ಕ್ರಮೇಣ ಸೊರಗುತ್ತವೆ.

ಇದರ ಪರಿಣಾಮ ವೃದ್ಧಾಪ್ಯದ ಆಲ್ಝೈಮರ್ ಕಾಯಿಲೆಯಂತೆ ಇರುವುದಿಲ್ಲ. ಮನೆಯವರ ಗುರುತು ಮರೆಯುವುದಿಲ್ಲ, ಊರಿನ ದಾರಿ ತಪ್ಪುವುದಿಲ್ಲ. ಆಲೋಚನೆಯ ವೇಗ ತಗ್ಗುತ್ತದೆ, ಗಮನ ಚದುರುತ್ತದೆ, ಒಂದೇ ವೇಳೆ ಎರಡು ಕೆಲಸ ನಿಭಾಯಿಸುವುದು ಕಷ್ಟವಾಗುತ್ತದೆ. ಮುಖ್ಯವಾಗಿ, ಮುಂದೆ ಮಾಡಬೇಕಾದ ಕೆಲಸ ಸಮಯಕ್ಕೆ ಸರಿಯಾಗಿ ನೆನಪಾಗುವುದಿಲ್ಲ: ರಾತ್ರಿಯ ಮಾತ್ರೆ, ಸೋಮವಾರದ ಆಸ್ಪತ್ರೆ ಭೇಟಿ, ಖಾನೆಯಲ್ಲಿರುವ ಪತ್ರ. ಹೊರಗಿನಿಂದ ನೋಡುವವರಿಗೆ ಇದು ಅಸಡ್ಡೆಯಂತೆ ಕಾಣುತ್ತದೆ. ಈ ತೊಂದರೆಯ ದೊಡ್ಡ ದುರಂತ ಇರುವುದೇ ಇಲ್ಲಿ.

ಈ ವಿಷಯದಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳ ಕೊಡುಗೆ ಗಮನಾರ್ಹ. ಭಾರತದಲ್ಲಿ ಹರಡಿರುವುದು ಬಹುಪಾಲು ‘ಸಿ’ ಉಪಪ್ರಕಾರದ ವೈರಾಣು. ಅಮೆರಿಕ ಮತ್ತು ಯೂರೋಪುಗಳಲ್ಲಿ ಹೆಚ್ಚಾಗಿ ಇರುವುದು ‘ಬಿ’. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಸಂಶೋಧನೆ, ‘ಸಿ’ ವೈರಾಣುವಿನ ‘ಟ್ಯಾಟ್’ ಎಂಬ ಪ್ರೋಟೀನಿನಲ್ಲಿ ಒಂದು ಸಣ್ಣ ವ್ಯತ್ಯಾಸವಿದ್ದು, ಬಿಳಿ ರಕ್ತಕಣಗಳನ್ನು ತನ್ನೆಡೆಗೆ ಸೆಳೆಯುವ ಅದರ ಶಕ್ತಿ ಕುಂದಿದೆಯೆಂದು ತೋರಿಸಿತು. ಹಾಗಾದರೆ ನಮ್ಮ ರೋಗಿಗಳ ಮಿದುಳಿಗೆ ಅಷ್ಟಾಗಿ ಅಪಾಯವಿಲ್ಲವೇನೋ ಎಂಬ ಆಶಾಭಾವನೆ ಮೂಡಿದ್ದು ಸಹಜ.

ಆದರೆ ನಿಮ್ಹಾನ್ಸ್‌ನ ತಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಚಿತ್ರವನ್ನು ಮುಂದಿಟ್ಟಿತು. ಇನ್ನೂ ಎಆರ್‌ಟಿ ಚಿಕಿತ್ಸೆ ಆರಂಭಿಸದಿದ್ದ ದಕ್ಷಿಣ ಭಾರತದ 119 ಸೋಂಕಿತರ ಗ್ರಹಣಶಕ್ತಿಯನ್ನು ಅವರು ಪರೀಕ್ಷಿಸಿದ್ದರು. ಯಾರಲ್ಲೂ ತೀವ್ರ ಸ್ವರೂಪದ ತೊಂದರೆ ಕಂಡುಬರಲಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಲಿಕೆ, ನೆನಪು ಮತ್ತು ಮಾತಿನ ಓಘಕ್ಕೆ ಸಂಬಂಧಿಸಿದ ಅಲ್ಪ ಅಥವಾ ಮಧ್ಯಮ ಪ್ರಮಾಣದ ಕೊರತೆ ಇತ್ತು. ನಾನು ಆ ನೋಟಿಸಿಗೆ ಸಹಿ ಹಾಕಿದ ವರ್ಷವೇ ಈ ಅರಿವು ನಮ್ಮ ರಾಜಧಾನಿಯಲ್ಲಿ ಲಭ್ಯವಿತ್ತು. ಅದು ವೈದ್ಯಕೀಯ ನಿಯತಕಾಲಿಕದ ಪುಟಗಳನ್ನು ದಾಟಿ ಜಿಲ್ಲಾ ಕಚೇರಿಯ ಮೇಜಿಗೆ ತಲುಪಲಿಲ್ಲ.

ಅಂಕಿ ಅಂಶಗಳನ್ನು ಎಚ್ಚರಿಕೆಯಿಂದ ಓದಬೇಕೆಂಬುದು ಅರ್ಥಶಾಸ್ತ್ರ ನನಗೆ ಕಲಿಸಿದ ಮೊದಲ ಪಾಠ. ಅಮೆರಿಕದಲ್ಲಿ 1,555 ಸೋಂಕಿತರನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ‘ಚಾರ್ಟರ್’ ಅಧ್ಯಯನದಲ್ಲಿ ಶೇ 52ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ಬಗೆಯ ಗ್ರಹಣಶಕ್ತಿಯ ಕೊರತೆ ಕಂಡುಬಂದಿತ್ತು. ಆದರೆ ದೈನಂದಿನ ಬದುಕನ್ನೇ ಕುಸಿಯುವಂತೆ ಮಾಡುವ ಡಿಮೆನ್ಷಿಯಾ ಇದ್ದವರು ಶೇ 2ರ ಆಸುಪಾಸಿನಲ್ಲಿದ್ದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಾತ್ರಕ್ಕೆ ಒಬ್ಬರಿಗೆ ಮಿದುಳಿನ ಕಾಯಿಲೆಯಿದೆ ಎನ್ನಲಾಗದು. ಕಡಿಮೆ ಓದು, ಖಿನ್ನತೆ, ಮದ್ಯಪಾನ, ಸಕ್ಕರೆ ಕಾಯಿಲೆ, ಹಿಂದೆ ಬಂದುಹೋದ ಕ್ಷಯ, ಇವೆಲ್ಲವೂ ಅಂಕವನ್ನು ತಗ್ಗಿಸಬಲ್ಲವು. ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2023ರಲ್ಲಿ ಇದೇ ಎಚ್ಚರಿಕೆಯನ್ನು ನೀಡಿದೆ. ಈಗಾಗಲೇ ಒಂದು ಕಳಂಕವನ್ನು ಹೊತ್ತವರ ಮೇಲೆ ‘ಬುದ್ಧಿ ಸ್ಥಿಮಿತವಿಲ್ಲದವರು’ ಎಂಬ ಇನ್ನೊಂದನ್ನು ಹೇರುವುದು ಯಾರ ಉದ್ದೇಶವೂ ಆಗಬಾರದು.

ಭರವಸೆಯ ಸಂಗತಿಯೂ ಇದೆ. ರೋಗನಿರೋಧಕ ಕಣಗಳು ತೀರಾ ಕುಸಿಯುವ ಮುನ್ನವೇ ಚಿಕಿತ್ಸೆ ಆರಂಭವಾದರೆ ಮಿದುಳಿಗೂ ರಕ್ಷಣೆ ದೊರೆಯುತ್ತದೆ. ಭಾರತ ಸರ್ಕಾರದ ಉಚಿತ ಎಆರ್‌ಟಿ ಕಾರ್ಯಕ್ರಮ 2004ರ ಏಪ್ರಿಲ್ 1ರಂದು ಆರಂಭವಾದಾಗ ಕರ್ನಾಟಕವೂ ಅದರಲ್ಲಿತ್ತು. ಆದರೆ ಆಗ ಕಣಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದ ನಂತರವೇ ಔಷಧ ಸಿಗುತ್ತಿತ್ತು. ಸೋಂಕು ಪತ್ತೆಯಾದ ಎಲ್ಲರಿಗೂ ತಕ್ಷಣ ಚಿಕಿತ್ಸೆ ಎಂಬ ನೀತಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಮೊದಲ ಹದಿಮೂರು ವರ್ಷಗಳಲ್ಲಿ ಚಿಕಿತ್ಸೆಗಾಗಿ ಕಾಯ್ದು ಬದುಕುಳಿದ ಒಂದು ದೊಡ್ಡ ಪೀಳಿಗೆ ನಮ್ಮ ನಡುವೆ ಇದೆ. ಅವರಲ್ಲಿ ಅನೇಕರು ಐವತ್ತು ದಾಟಿದ್ದಾರೆ. ಹಳೆಯ ಸೋಂಕಿನ ಗಾಯಕ್ಕೆ ಈಗ ವಯಸ್ಸು, ರಕ್ತದೊತ್ತಡ, ಮಧುಮೇಹಗಳು ಜೊತೆಯಾಗುತ್ತಿವೆ.

ರಾಗ್ನಾರ್ ನರ್ಕ್ಸ್ 1953ರಲ್ಲಿ ವಿವರಿಸಿದ ‘ಬಡತನದ ವಿಷವರ್ತುಲ’ವನ್ನು ನನ್ನ ತಲೆಮಾರಿನ ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದಿದ್ದೇವೆ. ಇಲ್ಲಿಯೂ ಅಂತಹದೇ ವರ್ತುಲವಿದೆ. ಮರೆವಿನಿಂದ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ವೈರಾಣು ಮತ್ತೆ ತಲೆಯೆತ್ತುತ್ತದೆ. ವೈರಾಣು ಹೆಚ್ಚಿದರೆ ಮಿದುಳಿಗೆ ಹಾನಿಯಾಗಿ ಮರೆವು ಇನ್ನಷ್ಟು ಹೆಚ್ಚುತ್ತದೆ. ದಿನಕ್ಕೊಂದು ಮಾತ್ರೆ ನುಂಗುವವರು ತಿಂಗಳಲ್ಲಿ ಎರಡನ್ನು ಮರೆತರೂ ಚಿಕಿತ್ಸಾ ಪಾಲನೆ ಶೇ 95ಕ್ಕಿಂತ ಕೆಳಗಿಳಿಯುತ್ತದೆ. ಎಆರ್‌ಟಿ ಕೇಂದ್ರಗಳಲ್ಲಿ ಆಪ್ತ ಸಮಾಲೋಚಕರು ಉಳಿದ ಮಾತ್ರೆಗಳನ್ನು ಎಣಿಸುತ್ತಾರೆ. ಲೆಕ್ಕ ತಪ್ಪಿದಾಗ ರೋಗಿಗೆ ಔಷಧದ ಮಹತ್ವ ಕುರಿತು ಮತ್ತೊಮ್ಮೆ ಬುದ್ಧಿವಾದ ಹೇಳುವುದು ವಾಡಿಕೆ. ನೆನಪಿನ ತೊಂದರೆ ಇರುವವರಿಗೆ ಆ ಮಹತ್ವ ಚೆನ್ನಾಗಿ ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ನೆನಪಿಸುವ ವ್ಯವಸ್ಥೆ.

ಇದಕ್ಕೆ ದುಬಾರಿ ಸ್ಕ್ಯಾನಿಂಗ್ ಯಂತ್ರಗಳೇನೂ ಬೇಕಿಲ್ಲ. 2005ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಷಿಯಾ ಮಾಪನವನ್ನು ಅಮೆರಿಕ ಮತ್ತು ಉಗಾಂಡಗಳಲ್ಲಿ ಪರೀಕ್ಷಿಸಲಾಗಿದ್ದು, ಅದಕ್ಕೆ ಹಿಡಿಯುವುದು ಕೆಲವೇ ನಿಮಿಷಗಳು. ನಾಲ್ಕು ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳುವಂತೆ ಸೂಚಿಸುತ್ತಾರೆ. ಬೆರಳುಗಳನ್ನು ವೇಗವಾಗಿ ಬಡಿಯಲು, ಮುಷ್ಟಿ, ಅಂಗೈ, ಅಂಗೈಯ ಅಂಚು ಎಂದು ಕೈಯ ಭಂಗಿಯನ್ನು ಕ್ರಮವಾಗಿ ಬದಲಿಸಲು ಹೇಳಿ, ಕೊನೆಗೆ ಆ ನಾಲ್ಕು ಪದಗಳನ್ನು ಕೇಳುತ್ತಾರೆ. ಒಟ್ಟು ಅಂಕ 12. 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಅಗತ್ಯ. ಅಕ್ಷರ ಬಾರದವರನ್ನೂ ಇದರಿಂದ ಪರೀಕ್ಷಿಸಬಹುದು. ಅಲ್ಪ ಪ್ರಮಾಣದ ತೊಂದರೆಗಳು ಇದರ ಕಣ್ತಪ್ಪಿಸಬಹುದಾದರೂ ಮೊದಲ ಜರಡಿಯಾಗಿ ಉಪಯುಕ್ತ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಇಂಥದೊಂದು ತಪಾಸಣೆಯನ್ನು, ಕನ್ನಡದ ಪದಗಳೊಂದಿಗೆ, ಎಲ್ಲ ರೋಗಿಗಳಿಗೂ ನಡೆಸಬೇಕು. ಕೊರತೆ ಕಂಡವರಿಗೆ ವಾರದ ದಿನಗಳ ಖಾನೆಗಳಿರುವ ಮಾತ್ರೆ ಡಬ್ಬಿ, ಮೊಬೈಲಿನ ಅಲಾರಂ, ರೋಗಿ ಒಪ್ಪಿದರೆ ಮನೆಯ ಒಬ್ಬರ ನೆರವು, ಇಷ್ಟರಿಂದಲೇ ವಿಷವರ್ತುಲವನ್ನು ಒಂದು ಕಡೆ ತುಂಡರಿಸಬಹುದು.

ಕಚೇರಿಗಳ ಹೊಣೆಯೂ ಕಡಿಮೆಯದಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದು ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವುದರ ಜೊತೆಗೆ, ಸೋಂಕಿತರು ತಮ್ಮ ಕರ್ತವ್ಯ ನಿರ್ವಹಿಸಲು ನೆರವಾಗುವಂತೆ ಕೆಲಸದಲ್ಲಿ ಸಣ್ಣಪುಟ್ಟ ಹೊಂದಾಣಿಕೆ ಮಾಡಿಕೊಡುವ ಪರಿಕಲ್ಪನೆಯನ್ನೂ ಒಳಗೊಂಡಿದೆ. ನ್ಯಾಯಾಲಯದ ಆದೇಶವಿದ್ದ ಹೊರತು ಸೋಂಕಿನ ವಿಷಯ ಬಹಿರಂಗಪಡಿಸುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. ಹೀಗಾಗಿ ಅಧಿಕಾರಿ ರೋಗದ ಹೆಸರು ಕೇಳುವ ಅಗತ್ಯವೂ ಇಲ್ಲ, ಕೇಳುವ ಹಕ್ಕೂ ಇಲ್ಲ. ಚೆನ್ನಾಗಿ ಕೆಲಸ ಮಾಡುತ್ತಿದ್ದ ನೌಕರ ಏಕಾಏಕಿ ಮರೆಯತೊಡಗಿದರೆ, ಆರೋಗ್ಯ ಹೇಗಿದೆ, ಕೆಲಸದಲ್ಲಿ ಏನಾದರೂ ಬದಲಾವಣೆ ಬೇಕೇ ಎಂದು ಏಕಾಂತದಲ್ಲಿ ವಿಚಾರಿಸುವುದಕ್ಕೆ ಯಾವ ನಿಯಮವೂ ಅಡ್ಡಿಯಾಗದು. ಖಿನ್ನತೆ, ಥೈರಾಯ್ಡ್, ಮಿದುಳಿನ ಗಡ್ಡೆ, ಕಾರಣ ಏನೇ ಇರಲಿ, ಆ ವಿಚಾರಣೆ ವ್ಯರ್ಥವಾಗುವುದಿಲ್ಲ.

2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಸೋಂಕಿನ ಅರಿವಿರುವವರು ಎಷ್ಟು, ಚಿಕಿತ್ಸೆಯಲ್ಲಿರುವವರು ಎಷ್ಟು, ವೈರಾಣು ನಿಯಂತ್ರಣದಲ್ಲಿರುವವರು ಎಷ್ಟು ಎಂಬ ಮೂರು ಲೆಕ್ಕಗಳನ್ನು ನಮ್ಮ ವ್ಯವಸ್ಥೆ ಶ್ರದ್ಧೆಯಿಂದ ಇಡುತ್ತಿದೆ. ಉಳಿಸಿಕೊಂಡ ಜೀವಗಳು ಹೇಗೆ ಬದುಕುತ್ತಿವೆ ಎಂಬ ನಾಲ್ಕನೆಯ ಲೆಕ್ಕವೂ ಅದರೊಂದಿಗೆ ಸೇರಬೇಕು.

ಆ ಸಹಾಯಕರ ಸೇವಾ ಪುಸ್ತಕದಲ್ಲಿ ನನ್ನ ಆದೇಶದ ನಮೂದು ಇಂದಿಗೂ ಇರುತ್ತದೆ. ಅದನ್ನು ಬರೆಯುವ ಮುನ್ನ ಅವರನ್ನು ಕೊಠಡಿಗೆ ಕರೆದು ಕೂರಿಸಿ ಐದು ನಿಮಿಷ ಮಾತನಾಡಬಹುದಾಗಿತ್ತು.