ಕೂಗುವ ಕಾವಲು, ಮೂಕ ಕಾವಲು

ಕಾರ್ಖಾನೆಯಿಂದಲೇ ಅಳವಡಿಸಿಕೊಂಡು ಬರುವ ಕಾರಿನ ಕಳವು ನಿರೋಧಕ ವ್ಯವಸ್ಥೆಯನ್ನು ಜನ ಒಟ್ಟಾರೆಯಾಗಿ ‘ಅಲಾರಂ’ ಎಂದು ಕರೆಯುತ್ತಾರಾದರೂ, ಅದರಲ್ಲಿ ಬೇರೆಬೇರೆಯಾಗಿ ಕೆಲಸ ಮಾಡುವ ಎರಡು ಏರ್ಪಾಡುಗಳಿವೆ. ಒಂದು, ಬಾಗಿಲು, ಬಾನೆಟ್ ಅಥವಾ ಡಿಕ್ಕಿಯನ್ನು ಯಾರಾದರೂ ಬಲವಂತವಾಗಿ ತೆರೆದಾಗ ಹಾರ್ನ್ ಬಾರಿಸಿ, ಇಂಡಿಕೇಟರ್ ದೀಪಗಳನ್ನು ಮಿನುಗಿಸಿ ಸುತ್ತಲಿನವರನ್ನು ಎಚ್ಚರಿಸುವ ಅಲಾರಂ. ಇನ್ನೊಂದು, ತನಗೆ ಗುರುತಿಲ್ಲದ ಕೀ ಬಳಸಿದಾಗ ಇಂಜಿನ್ ಚಾಲೂ ಆಗದಂತೆ ನೋಡಿಕೊಳ್ಳುವ, ಸದ್ದೇ ಮಾಡದ ಇಮ್ಮೊಬಿಲೈಸರ್. ಕೊಳ್ಳುವವರ ಕಣ್ಣಿಗೂ ಕಿವಿಗೂ ಬೀಳುವುದು ಮೊದಲನೆಯದಾದರೆ, ಕಾರನ್ನು ನಿಜವಾಗಿ ಉಳಿಸಿಕೊಡುವುದು ಬಹುಮಟ್ಟಿಗೆ ಎರಡನೆಯದು.

ಅಲಾರಮ್ಮಿನ ಮಿದುಳಿನಂತಿರುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರು. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಒಳಗೆ ಕೂತಿರುವ ಈ ಘಟಕವೇ ದೀಪ, ವೈಪರ್, ಸೆಂಟ್ರಲ್ ಲಾಕ್‌ಗಳ ಮೇಲ್ವಿಚಾರಣೆಯನ್ನೂ ನಡೆಸುತ್ತದೆ. ಬಾಗಿಲು ತೆರೆದೊಡನೆ ಒಳಗಿನ ದೀಪ ಹೊತ್ತಿಕೊಳ್ಳಲೆಂದು ಇಟ್ಟಿರುವ ಸ್ವಿಚ್ಚುಗಳೇ ಅಲಾರಮ್ಮಿಗೂ ಸುದ್ದಿ ಮುಟ್ಟಿಸುತ್ತವೆ. ಹಾರ್ನ್ ಮತ್ತು ಇಂಡಿಕೇಟರುಗಳಂತೂ ಮೊದಲೇ ಇರುತ್ತವೆ. ಆದ್ದರಿಂದ ತಯಾರಕರು ಹೊಸದಾಗಿ ಸೇರಿಸಬೇಕಾದದ್ದು ಬಾನೆಟ್ಟಿನ ಒಂದು ಸ್ವಿಚ್ಚು, ಡ್ಯಾಶ್‌ಬೋರ್ಡಿನ ಮೇಲೆ ಮಿನುಗುವ ಒಂದು ಕೆಂಪು ದೀಪ, ಮಾಡ್ಯೂಲಿನೊಳಗೆ ಒಂದಿಷ್ಟು ತಂತ್ರಾಂಶ, ಇಷ್ಟೇ. ಜಾಹೀರಾತಿನಲ್ಲಿ ದೊಡ್ಡ ಸೌಲಭ್ಯವಾಗಿ ಕಾಣುವ ಈ ಅಲಾರಂ ಅಗ್ಗದ ಕಾರುಗಳಿಗೂ ಇಳಿದು ಬಂದಿರುವುದಕ್ಕೆ ಇದೇ ಕಾರಣ.

ದುಬಾರಿ ಕಾರುಗಳಲ್ಲಿ ಇದರ ಮೇಲೆ ಇನ್ನೂ ಕೆಲವು ಸಂವೇದಕಗಳು, ಅಂದರೆ ಸುತ್ತಲಿನ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿಸುವ ಸಾಧನಗಳು, ಇರುತ್ತವೆ. ಶ್ರವಣಾತೀತ ಸಂವೇದಕವು ಮನುಷ್ಯನ ಕಿವಿಗೆ ಕೇಳದಷ್ಟು ಹೆಚ್ಚಿನ, ಸುಮಾರು 40 ಕಿಲೋಹರ್ಟ್ಸ್ ಕಂಪನಾಂಕದ ಶಬ್ದವನ್ನು ಕಾರಿನೊಳಗೆ ಹರಡಿ, ಅದರ ಪ್ರತಿಧ್ವನಿ ಬದಲಾಯಿತೆಂದರೆ ಒಳಗೆ ಏನೋ ಅಲುಗಿದೆ ಎಂದು ತೀರ್ಮಾನಿಸುತ್ತದೆ. ಕಿಟಕಿಯ ಗಾಜನ್ನು ಅರ್ಧ ಇಳಿಸಿ ಲಾಕ್ ಮಾಡಿದರೆ ಒಳನುಗ್ಗುವ ಗಾಳಿಗೂ ಅದು ಬೆಚ್ಚಿಬೀಳುವುದುಂಟು. ಓರೆ ಸಂವೇದಕವು ಕಾರನ್ನು ಎತ್ತಿ ಎಳೆದೊಯ್ಯುವ ಪ್ರಯತ್ನವನ್ನು ಪತ್ತೆಹಚ್ಚುತ್ತದೆ, ಹಾಗಾಗಿ ಯಂತ್ರದಿಂದ ಕಾರುಗಳನ್ನು ಮೇಲೆತ್ತಿ ನಿಲ್ಲಿಸುವ ಪಾರ್ಕಿಂಗ್‌ಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಕಳ್ಳನು ಬ್ಯಾಟರಿಯ ತಂತಿಯನ್ನೇ ಕತ್ತರಿಸಿದರೂ ಬಾಯಿ ಕಟ್ಟದಿರಲೆಂದು ಕೆಲವು ಕಾರುಗಳ ಸೈರನ್ನಿಗೆ ಅದರದೇ ಆದ ಚಿಕ್ಕ ಬ್ಯಾಟರಿ ಇರುತ್ತದೆ.

ರಿಮೋಟಿನಲ್ಲಿ ಲಾಕ್ ಒತ್ತಿದ ಕ್ಷಣದಲ್ಲೇ ಅಲಾರಂ ಜಾಗೃತವಾಗುವುದಿಲ್ಲ. ಮಾಡ್ಯೂಲ್ ಮೊದಲು ಎಲ್ಲ ಬಾಗಿಲುಗಳೂ ಮುಚ್ಚಿವೆಯೇ ಎಂದು ನೋಡಿ, ಹಲವು ಮಾದರಿಗಳಲ್ಲಿ ಸುಮಾರು 30 ಸೆಕೆಂಡು ಕಾದು, ಆಮೇಲಷ್ಟೇ ಕಾವಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಸರಿಯಾದ ರಿಮೋಟಿನ ಸಂಕೇತವಿಲ್ಲದೆ ಬಾಗಿಲು ತೆರೆದರೆ, ತೆರೆದವರು ಹೊರಗಿದ್ದಾರೋ ಒಳಗಿದ್ದಾರೋ ಎಂಬ ಭೇದವೆಣಿಸದೆ ಅದು ಕೂಗುತ್ತದೆ. ಒಳಗೆ ಕೂತವರನ್ನು ಮರೆತು ಹೊರಗಿನಿಂದ ಲಾಕ್ ಮಾಡಿ ಹೋದಾಗ ರಾದ್ಧಾಂತವಾಗುವುದು ಹೀಗೆಯೇ. ಎಷ್ಟು ಹೊತ್ತು ಕೂಗಬೇಕೆಂಬುದಕ್ಕೂ ನಿಯಮವಿದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ವಾಹನ ಅಲಾರಂ ಕುರಿತ 97ನೇ ನಿಯಮಾವಳಿಯ ಪ್ರಕಾರ ಸದ್ದು 25 ಸೆಕೆಂಡಿಗಿಂತ ಕಡಿಮೆಯಾಗಬಾರದು, 30 ಸೆಕೆಂಡನ್ನು ಮೀರಬಾರದು, ಮತ್ತೊಮ್ಮೆ ಯಾರಾದರೂ ಕೈಹಾಕಿದರೆ ಮಾತ್ರ ಪುನಃ ಮೊಳಗಬೇಕು. ನೆರೆಹೊರೆಯವರ ನಿದ್ದೆಯ ದೃಷ್ಟಿಯಿಂದ ಇದು ಸರಿಯೇ; ಕಳ್ಳನಿಗೆ ಮಾತ್ರ ಅರ್ಧ ನಿಮಿಷದ ತಾಳ್ಮೆ ಇದ್ದರೆ ಸಾಕೆಂದಾಯಿತು.

ಕಾರಣವಿಲ್ಲದೆ ಮೊಳಗುವ ಅಲಾರಮ್ಮುಗಳ ಹಿಂದೆ ಬಹಳ ಸಲ ಇರುವುದು ಬಾನೆಟ್ಟಿನ ಆ ಪುಟ್ಟ ಸ್ವಿಚ್ಚು. ಕಾರಿನ ಮೂತಿಯ ಬಳಿ ನೀರು, ಕೆಸರು, ಧೂಳುಗಳಿಗೆ ಮೈಯೊಡ್ಡಿಕೊಂಡಿರುವ ಅದಕ್ಕೆ, ಕರಾವಳಿ ಮತ್ತು ಮಲೆನಾಡಿನಂಥ ಮಳೆಯ ಸೀಮೆಗಳಲ್ಲಿ ತುಕ್ಕು ಹಿಡಿಯುವುದು ಇನ್ನೂ ಬೇಗ. ಸಂಪರ್ಕ ಒಮ್ಮೆ ಕೂಡಿ ಒಮ್ಮೆ ಬಿಟ್ಟಾಗ ಮಾಡ್ಯೂಲ್ ಅದನ್ನು ಬಾನೆಟ್ ತೆರೆದಂತೆಯೇ ಭಾವಿಸುತ್ತದೆ. ಬ್ಯಾಟರಿ ಸೊರಗಿ ವೋಲ್ಟೇಜ್ ಕುಸಿದಾಗಲೂ ಕೆಲವು ಕಾರುಗಳು ಹೀಗೆಯೇ ತಪ್ಪು ತಿಳಿಯುತ್ತವೆ. ಇಂಥ ಸಂದರ್ಭದಲ್ಲಿ ಸ್ವಿಚ್ಚಿನ ತಂತಿಯನ್ನೇ ಕಳಚಿಬಿಡುವುದು ಗ್ಯಾರೇಜುಗಳ ಸುಲಭ ಪರಿಹಾರವಾದರೂ, ಅದರಿಂದ ಬಾನೆಟ್ಟಿನ ಕಾವಲನ್ನೇ ಕಿತ್ತುಹಾಕಿದಂತಾಗುತ್ತದೆ.

ಮಾಲೀಕರನ್ನು ಹೆಚ್ಚು ಗಾಬರಿಗೊಳಿಸುವ ಪ್ರಸಂಗ ಇನ್ನೊಂದಿದೆ. ರಿಮೋಟಿನೊಳಗಿನ ಬಟನ್ ಸೆಲ್ ಮುಗಿದುಹೋದಾಗ, ರಿಮೋಟಿನಲ್ಲೇ ಅಡಗಿರುವ ಲೋಹದ ಕೀಯನ್ನು ಹೊರತೆಗೆದು ಬಾಗಿಲು ತೆರೆದರೆ ಹಲವು ಕಾರುಗಳು ಸ್ವಂತ ಮಾಲೀಕನ ಮೇಲೆಯೇ ಕೂಗಾಡತೊಡಗುತ್ತವೆ, ಏಕೆಂದರೆ ಅಲಾರಮ್ಮಿಗೆ ತಲುಪಬೇಕಾದ ರೇಡಿಯೋ ಸಂಕೇತ ತಲುಪಿರುವುದಿಲ್ಲ. ಆಗ ಇಗ್ನಿಷನ್‌ನಲ್ಲಿ ಕೀ ಹಾಕಿ ತಿರುಗಿಸಿದರೆ, ಬಟನ್ ಒತ್ತಿ ಚಾಲೂ ಮಾಡುವ ಅನೇಕ ಮಾದರಿಗಳಲ್ಲಿ ರಿಮೋಟನ್ನು ಆ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ, ಸದ್ದು ನಿಂತು ಇಂಜಿನ್ನೂ ಚಾಲೂ ಆಗುತ್ತದೆ. ಸೆಲ್ ಇಲ್ಲದೆಯೂ ಕಾರು ಕೀಯನ್ನು ಹೇಗೆ ಗುರುತಿಸಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಇಮ್ಮೊಬಿಲೈಸರಿನಲ್ಲಿ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಎಂಬ, ಸ್ವಂತ ವಿದ್ಯುತ್ ಮೂಲವಿಲ್ಲದ ಪುಟಾಣಿ ಚಿಪ್ ಇರುತ್ತದೆ. ಇಗ್ನಿಷನ್ನಿನ ಸುತ್ತ ಅಥವಾ ಸ್ಟಾರ್ಟ್ ಬಟನ್ನಿನ ಬಳಿ ಇರುವ ತಂತಿಯ ಸುರುಳಿಯೊಂದು ಸುಮಾರು 125 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಕಾಂತಕ್ಷೇತ್ರವನ್ನು ಉಂಟುಮಾಡಿದಾಗ, ಚಿಪ್ ತನಗೆ ಬೇಕಾದಷ್ಟು ಶಕ್ತಿಯನ್ನು ಅದರಿಂದಲೇ ಪಡೆದುಕೊಂಡು ಎಚ್ಚರಗೊಳ್ಳುತ್ತದೆ. ಆಗ ಕಾರು ಯಾದೃಚ್ಛಿಕವಾಗಿ ಆರಿಸಿದ ಒಂದು ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತದೆ; ಚಿಪ್ ಆ ಸಂಖ್ಯೆಯನ್ನು ತನ್ನೊಳಗಿನ ಗುಪ್ತ ಸಂಖ್ಯೆಯೊಡನೆ ಬೆರೆಸಿ ಲೆಕ್ಕ ಹಾಕಿ ಜವಾಬು ಕೊಡುತ್ತದೆ; ಅದೇ ಗುಪ್ತ ಸಂಖ್ಯೆ ತಿಳಿದಿರುವ ಕಾರು ತಾನೂ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಉತ್ತರ ತಪ್ಪಿದರೆ ಇಂಜಿನ್ ನಿಯಂತ್ರಣ ಘಟಕವು ಇಂಧನವನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ. ಗುಪ್ತ ಸಂಖ್ಯೆ ಒಮ್ಮೆಯೂ ಗಾಳಿಯಲ್ಲಿ ಹಾರಿಬರುವುದಿಲ್ಲ, ಸವಾಲು ಪ್ರತಿಸಲವೂ ಹೊಸದು. ಹಾಗಾಗಿ ಹಿಂದಿನ ಸಂಭಾಷಣೆಯನ್ನು ಕದ್ದು ಕೇಳಿಸಿಕೊಂಡವನಿಗೂ ಅದರಿಂದ ಪ್ರಯೋಜನವಿಲ್ಲ. ಭಾರತದಲ್ಲಿ ಮಾರುತಿ ಸುಜುಕಿ ‘ಐ-ಕ್ಯಾಟ್ಸ್’ ಎಂದು ಕರೆಯುವುದು ಇಂಥದೇ ಏರ್ಪಾಡನ್ನು.

ಈ ದಾರಿಯ ಮೊದಲ ಹೆಜ್ಜೆಗಳು ಒರಟಾಗಿಯೇ ಇದ್ದವು. ಅಮೆರಿಕದ ಜನರಲ್ ಮೋಟಾರ್ಸ್ 1986ರಲ್ಲಿ ತನ್ನ ಶೆವ್ರೊಲೆ ಕಾರ್ವೆಟ್ ಕಾರಿನ ಕೀಯಲ್ಲಿ ಚಿಪ್ಪಿನ ಬದಲು ಒಂದು ವಿದ್ಯುತ್ ರೋಧಕವನ್ನು ಕೂರಿಸಿ, ಅದರ ರೋಧದ ಮೌಲ್ಯ ಸರಿಹೊಂದಿದರೆ ಮಾತ್ರ ಇಂಜಿನ್ ಚಾಲೂ ಆಗುವಂತೆ ಮಾಡಿತ್ತು. ಆದರೆ ಬಳಕೆಯಲ್ಲಿದ್ದ ಮೌಲ್ಯಗಳು ಕೇವಲ 15 ಆಗಿದ್ದುದರಿಂದ, ಸಾವಧಾನವಿದ್ದವನು ಒಂದೊಂದನ್ನೇ ಪ್ರಯೋಗಿಸಿ ನೋಡಬಹುದಾಗಿತ್ತು. ಯುರೋಪಿನ ಒಕ್ಕೂಟವು 1998ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಮ್ಮೊಬಿಲೈಸರನ್ನು ಕಡ್ಡಾಯಗೊಳಿಸಿತು. ಆ ಕಾನೂನಿನ ಫಲವನ್ನು ನೆದರ್ಲೆಂಡ್ಸಿನ ಅಂಕಿ-ಅಂಶಗಳ ಮೂಲಕ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಯಾನ್ ವಾನ್ ಔರ್ಸ್ ಮತ್ತು ಬೆನ್ ವೊಲ್ಲಾರ್ಡ್, 1995ರಿಂದ 2008ರ ಅವಧಿಯಲ್ಲಿ ಕಾರು ಕಳುವಾಗುವ ಸಂಭವವನ್ನು ಅದು ಸರಿಸುಮಾರು ಅರ್ಧಕ್ಕೆ ಇಳಿಸಿತೆಂದು ಅಂದಾಜು ಮಾಡಿದರು. ಕೆನಡಾ 2007ರ ಸೆಪ್ಟೆಂಬರಿನಲ್ಲಿ ಇದೇ ಹಾದಿ ಹಿಡಿಯಿತು, ಅಮೆರಿಕ ಹಿಡಿಯಲಿಲ್ಲ.

ಅದರ ಪರಿಣಾಮ ಹ್ಯುಂಡೈ ಮತ್ತು ಕಿಯಾ ಕಾರುಗಳ ವಿಷಯದಲ್ಲಿ ಬಯಲಾಯಿತು. 2011ರಿಂದ 2022ರವರೆಗಿನ ಮಾದರಿಗಳಲ್ಲಿ, ಸಾಮಾನ್ಯ ಕೀ ತಿರುಗಿಸಿ ಚಾಲೂ ಮಾಡುವ ಬಹಳಷ್ಟು ಕಾರುಗಳು ಅಮೆರಿಕದಲ್ಲಿ ಇಮ್ಮೊಬಿಲೈಸರ್ ಇಲ್ಲದೆಯೇ ಮಾರಾಟವಾಗಿದ್ದವು. ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚವನ್ನು ಮುರಿದು, ಇಗ್ನಿಷನ್ನಿನ ಬೀಗವನ್ನು ಕಿತ್ತರೆ ಒಳಗೆ ಕಾಣುವ ಮೊನೆಗೆ ಯುಎಸ್‌ಬಿ ಕೇಬಲ್ಲಿನ ತುದಿ ಸರಿಯಾಗಿ ಕೂರುತ್ತದೆಂಬುದು ಸಾಮಾಜಿಕ ಜಾಲತಾಣಗಳ ವಿಡಿಯೊಗಳಲ್ಲಿ ಹರಡಿದ ಮೇಲೆ, ಹದಿಹರೆಯದವರು ಮೋಜಿಗಾಗಿ ಕಾರು ಕದಿಯತೊಡಗಿದರು. ಈ ಕಳವುಗಳಿಗೆ ಸಂಬಂಧಿಸಿ 14 ಅಪಘಾತಗಳೂ 8 ಸಾವುಗಳೂ ವರದಿಯಾಗಿದ್ದವೆಂದು ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆ 2023ರ ಫೆಬ್ರುವರಿಯಲ್ಲಿ ತಿಳಿಸಿತು. ಆ ವೇಳೆಗೆ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಉಚಿತವಾಗಿ ತಂತ್ರಾಂಶ ಬದಲಿಸಿಕೊಡಲು ಮುಂದಾದವು.

ಆ ಬದಲಾವಣೆಯ ಸ್ವರೂಪ ಗಮನಾರ್ಹವಾದುದು. ಅಲಾರಂ ಮೊಳಗುವ ಅವಧಿಯನ್ನು 30 ಸೆಕೆಂಡಿನಿಂದ ಒಂದು ನಿಮಿಷಕ್ಕೆ ಹೆಚ್ಚಿಸಿದ್ದು ಅದರ ಸಣ್ಣ ಭಾಗ. ಟ್ರಾನ್ಸ್‌ಪಾಂಡರನ್ನು ಓದುವ ಸುರುಳಿಯೇ ಇಲ್ಲದ ಕಾರಿಗೆ ತಂತ್ರಾಂಶವೊಂದರಿಂದಲೇ ಇಮ್ಮೊಬಿಲೈಸರ್ ಕೊಡುವುದು ಸಾಧ್ಯವಿರಲಿಲ್ಲವಾದ್ದರಿಂದ, ರಿಮೋಟಿನಿಂದ ಲಾಕ್ ಮಾಡಿ ಅಲಾರಂ ಜಾಗೃತವಾಗಿರುವಷ್ಟು ಹೊತ್ತು ಇಗ್ನಿಷನ್ನೇ ಕೆಲಸ ಮಾಡದಂತೆ, ಅಂದರೆ ಕೂಗುವ ಏರ್ಪಾಡಿನಿಂದಲೇ ತಡೆಯುವ ಕೆಲಸವನ್ನೂ ಮಾಡಿಸುವಂತೆ, ಎಂಜಿನಿಯರುಗಳು ಉಪಾಯ ಹೂಡಿದರು. ಆದರೆ ರಿಮೋಟ್ ಬಳಸದೆ, ಬಾಗಿಲಿನ ಒಳಗುಂಡಿ ಒತ್ತಿ ಇಳಿದು ಹೋದರೆ ಈ ರಕ್ಷಣೆ ದೊರೆಯದು. ಕೆನಡಾದಲ್ಲಿ ಕಾನೂನಿನ ಒತ್ತಾಯದಿಂದ ಇಮ್ಮೊಬಿಲೈಸರ್ ಪಡೆದಿದ್ದ ಇವೇ ಕಂಪನಿಗಳ ಕಾರುಗಳಿಗೆ ಇಂಥ ತೇಪೆಯ ಅಗತ್ಯವೇ ಬೀಳಲಿಲ್ಲ.

ಇಮ್ಮೊಬಿಲೈಸರೂ ಅಭೇದ್ಯವೇನಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ, ಬಹಳ ಬಳಕೆಯಲ್ಲಿದ್ದ ಚಿಪ್ಪೊಂದರ ಗುಪ್ತ ಸಂಖ್ಯೆ 40 ಬಿಟ್‌ಗಳದ್ದು, ಎಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು 2005ರಲ್ಲಿ ಅದನ್ನು ಭೇದಿಸಿ ತೋರಿಸಿದರು. ಕೀಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುವ ಕಾರುಗಳಲ್ಲಿ ಗಣಿತವನ್ನು ಮುಟ್ಟುವ ಅಗತ್ಯವೂ ಇಲ್ಲ: ಕಾರಿನ ಬಳಿ ಒಂದು, ಮನೆಯೊಳಗಿರುವ ಕೀಯ ಬಳಿ ಇನ್ನೊಂದು ಆಂಟೆನಾ ಹಿಡಿದು ಸಂಕೇತವನ್ನು ದಾಟಿಸಿದರೆ, ಕೀ ಪಕ್ಕದಲ್ಲೇ ಇದೆಯೆಂದು ಕಾರು ನಂಬುತ್ತದೆ. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲಿ ಎಂಟು ತಯಾರಕರ ಹತ್ತು ಮಾದರಿಗಳ ಮೇಲೆ ಇದನ್ನು ಪ್ರಯೋಗಿಸಿದಾಗ ಹತ್ತೂ ಮೋಸಹೋದವು. ಸವಾಲು-ಜವಾಬು ಎರಡೂ ಸಾಚಾ ಆಗಿರುವುದರಿಂದ ಇಂಥ ಕಳವಿನಲ್ಲಿ ಅಲಾರಂ ಕೂಡ ಚಕಾರವೆತ್ತುವುದಿಲ್ಲ. ಕೀಯೊಳಗೆ ಚಲನೆಯ ಸಂವೇದಕವಿಟ್ಟು, ಅದು ಅಲುಗದೆ ಬಿದ್ದಿದ್ದಾಗ ರೇಡಿಯೋವನ್ನು ಮಲಗಿಸುವುದು ಈಚಿನ ಕೆಲವು ತಯಾರಕರು ಕಂಡುಕೊಂಡ ಮದ್ದು.

ಕಾರು ಕಳುವಾದಾಗ ಭಾರತದ ವಿಮಾ ಕಂಪನಿಗಳು ಎರಡೂ ಕೀಗಳನ್ನು ಒಪ್ಪಿಸುವಂತೆ ಕೇಳುವುದಕ್ಕೂ ಇಮ್ಮೊಬಿಲೈಸರಿಗೂ ಸಂಬಂಧವಿದೆ, ಏಕೆಂದರೆ ಗುರುತಿರುವ ಕೀ ಇಲ್ಲದೆ ಇಂಥ ಕಾರನ್ನು ಚಾಲೂ ಮಾಡುವುದು ಸುಲಭವಲ್ಲ. ಒಂದು ಕೀ ಕಳೆದುಹೋದರೆ, ಉಳಿದ ಎಲ್ಲ ಕೀಗಳೊಡನೆ ಸರ್ವಿಸ್ ಸೆಂಟರಿಗೆ ಹೋಗಿ ಹಳೆಯ ನೋಂದಣಿಯನ್ನು ಅಳಿಸಿ, ಕೈಯಲ್ಲಿರುವವನ್ನು ಮಾತ್ರ ಮತ್ತೆ ನೋಂದಾಯಿಸಿಕೊಳ್ಳಬಹುದು. ಹಾಗೆ ಮಾಡಿದ ಮೇಲೆ ಕಳೆದ ಕೀಯಿಂದ ಇಂಜಿನ್ ಚಾಲೂ ಆಗುವುದಿಲ್ಲವಾದರೂ ಅದರ ಲೋಹದ ಭಾಗ ಬಾಗಿಲನ್ನು ಮೊದಲಿನಂತೆಯೇ ತೆರೆಯುತ್ತದೆ. ಅದನ್ನೂ ತಪ್ಪಿಸಬೇಕೆಂದರೆ ಲಾಕ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.