ಕೈಗೆ ಬಿಡುವು, ಮನಸ್ಸಿಗೆ ಹೊರೆ

ಸಂತೆಯಿಂದ ಊರಿಗೆ ಮರಳುವ ಎತ್ತಿನ ಗಾಡಿಗಳನ್ನು ಕಂಡ ಹಿರಿಯರು ಒಂದು ಮಾತನ್ನು ಹೇಳುವುದುಂಟು. ಕತ್ತಲಾದ ಮೇಲೆ ಗಾಡಿಯವನು ಹಗ್ಗವನ್ನು ಸಡಿಲಬಿಟ್ಟು, ಪದ ಹೇಳುತ್ತಲೋ ಜೊತೆಯವರೊಡನೆ ಹರಟುತ್ತಲೋ ಕುಳಿತಿರುತ್ತಿದ್ದನು; ಒಮ್ಮೊಮ್ಮೆ ಹುಲ್ಲಿನ ಮೇಲೆ ಒರಗಿ ನಿದ್ದೆಯನ್ನೂ ಮಾಡುತ್ತಿದ್ದನು. ಆದರೂ ಗಾಡಿ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಎತ್ತುಗಳಿಗೆ ಹಾದಿ ತಿಳಿದಿತ್ತು. ಹಳ್ಳ ಬಂದಲ್ಲಿ ಅವು ತಾವೇ ಹೆಜ್ಜೆಯನ್ನು ನಿಧಾನಗೊಳಿಸುತ್ತಿದ್ದವು. ಅಡ್ಡವೇನಾದರೂ ಬಂದರೆ ತಾವೇ ನಿಲ್ಲುತ್ತಿದ್ದವು. ಗಾಡಿಯವನ ಗಮನ ತಪ್ಪಿದರೂ ಎತ್ತುಗಳ ಗಮನ ತಪ್ಪುತ್ತಿರಲಿಲ್ಲ.

ಇಂದು ಆ ಗಾಡಿಯ ಸ್ಥಾನಕ್ಕೆ ಕಾರು ಬಂದಿದೆ. ಅದರ ವೇಗ ಎತ್ತಿನ ಗಾಡಿಯ ವೇಗಕ್ಕಿಂತ ಹದಿನೈದು ಇಪ್ಪತ್ತು ಮಡಿ ಹೆಚ್ಚು. ಆದರೆ ಕಾರಿಗೆ ಎತ್ತಿನ ವಿವೇಕವಿಲ್ಲ. ಅಪಾಯ ಕಂಡಾಗ ತಾನೇ ಬ್ರೇಕ್ ಹಾಕಿಕೊಳ್ಳುವ ಏರ್ಪಾಡು ಕೆಲವು ಹೊಸ ಕಾರುಗಳಲ್ಲಿ ಇದೆಯಾದರೂ, ಹಾದಿಯ ಪೂರ್ಣ ಹೊಣೆ ಇಂದಿಗೂ ಚಾಲಕನದೇ ಆಗಿದೆ. ಅಂತಹ ಚಾಲಕನು ದಾರಿಯಲ್ಲಿ ದೂರದವರೊಡನೆ ಮಾತನಾಡಬಹುದೆ? ಮಾತನಾಡುವುದಕ್ಕೆ ಹೊಸ ಕಾರುಗಳಲ್ಲಿ ಯಾವ ಅನುಕೂಲವನ್ನು ಕಲ್ಪಿಸಿದ್ದಾರೆ? ಆ ಅನುಕೂಲದ ಮಿತಿ ಎಲ್ಲಿಯವರೆಗೆ? ಇವನ್ನು ಇಲ್ಲಿ ವಿಚಾರ ಮಾಡೋಣ.

ದೂರವಾಣಿ ಮನುಷ್ಯನ ಜೇಬಿಗೆ ಬರುವುದಕ್ಕೆ ಮೊದಲೇ ಕಾರಿನೊಳಕ್ಕೆ ಬಂದಿತೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1946ರಲ್ಲಿಯೇ ಕಾರುಗಳಿಗೆ ದೂರವಾಣಿ ಸೇವೆ ದೊರೆಯಿತು. ಆಗಿನ ಉಪಕರಣ ಬಹಳ ಭಾರವಾದುದು. ಅದನ್ನು ಹೊರಲು ಕಾರೇ ಬೇಕಾಗಿತ್ತು. 1973ರ ಏಪ್ರಿಲ್ 3ರಂದು ಮಾರ್ಟಿನ್ ಕೂಪರ್ ಎಂಬ ಎಂಜಿನಿಯರು ನ್ಯೂಯಾರ್ಕ್ ನಗರದ ಬೀದಿಯಲ್ಲಿ ನಿಂತು, ಕೈಯಲ್ಲಿ ಹಿಡಿಯಬಹುದಾದ ದೂರವಾಣಿಯಿಂದ ಕರೆ ಮಾಡಿದರು. ಅದರ ತೂಕವೂ ಒಂದು ಕಿಲೋಗ್ರಾಮಿಗಿಂತ ಹೆಚ್ಚಾಗಿತ್ತು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದಾಗ ಮೊಬೈಲ್ ಸೇವೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಫೋನು ಅಂಗೈಯಗಲದ ವಸ್ತುವಾಗಿ ಎಲ್ಲರ ಕೈ ಸೇರಿತು.

ಕೈ ಸೇರಿದ್ದೇ ಕಾರಿನಲ್ಲಿ ತೊಡಕಾಯಿತು. ವಾಹನ ನಡೆಸುವವನಿಗೆ ಎರಡು ಕೈಗಳೂ ಬೇಕು. ಒಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡವನು ಇನ್ನೊಂದೇ ಕೈಯಿಂದ ಸ್ಟೀಯರಿಂಗ್ ಹಿಡಿಯಬೇಕು, ಗೇರ್ ಬದಲಿಸಬೇಕು, ಹಾರನ್ ಮಾಡಬೇಕು. ಸಂಖ್ಯೆಯನ್ನು ಒತ್ತುವಾಗ ಕಣ್ಣು ರಸ್ತೆಯನ್ನು ಬಿಟ್ಟು ಕೆಳಗಿಳಿಯುತ್ತದೆ. ಈ ತೊಡಕನ್ನು ನಿವಾರಿಸಲು ಎಂಜಿನಿಯರುಗಳು ಕಂಡುಕೊಂಡ ಉಪಾಯವೇ ಕೈ ಬಳಸದೆ ಮಾತನಾಡುವ ವ್ಯವಸ್ಥೆ. ಹೊಸ ಕಾರಿನಲ್ಲಿ ಫೋನನ್ನು ಜೇಬಿನಲ್ಲಿಯೇ ಇಟ್ಟುಕೊಂಡಿರಬಹುದು. ಕರೆ ಬಂದಾಗ ಸ್ಟೀಯರಿಂಗ್ ಚಕ್ರದ ಮೇಲಿರುವ ಗುಂಡಿಯೊಂದನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಕು. ಕರೆದವರ ದನಿ ಕಾರಿನ ಸ್ಪೀಕರುಗಳಿಂದ ಕೇಳಿಬರುತ್ತದೆ. ಚಾಲಕನ ದನಿಯನ್ನು ತಲೆಯ ಮೇಲ್ಭಾಗದಲ್ಲೋ ಕನ್ನಡಿಯ ಬಳಿಯಲ್ಲೋ ಅಡಗಿಸಿಟ್ಟ ಪುಟ್ಟ ಮೈಕು ಹಿಡಿದುಕೊಳ್ಳುತ್ತದೆ.

ಇದು ನಡೆಯುವ ಬಗೆ ಹೇಗೆ? ಇಲ್ಲಿ ಮಾತು ಎರಡು ಹಂತಗಳಲ್ಲಿ ಪ್ರಯಾಣ ಮಾಡುತ್ತದೆ. ಮೊದಲನೆಯದು ದೂರದ ಗೋಪುರಕ್ಕೂ ಫೋನಿಗೂ ನಡುವಣ ಪ್ರಯಾಣ. ಇದು ಎಲ್ಲ ಮೊಬೈಲ್ ಫೋನುಗಳಲ್ಲಿಯೂ ಉಂಟು. ಎರಡನೆಯದು ಜೇಬಿನ ಫೋನಿಗೂ ಕಾರಿಗೂ ನಡುವಣ ಒಂದೆರಡು ಅಡಿಗಳ ಪ್ರಯಾಣ. ಈ ಕಿರುಹಾದಿಯಲ್ಲಿ ತಂತಿಯಿಲ್ಲ. ಅಲ್ಪ ಶಕ್ತಿಯ ರೇಡಿಯೋ ಅಲೆಗಳೇ ಮಾತನ್ನು ಹೊತ್ತೊಯ್ಯುತ್ತವೆ. ಈ ವಿಧಾನಕ್ಕೆ ಬ್ಲೂಟೂತ್ ಎಂದು ಹೆಸರು. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಎರಿಕ್‌ಸನ್ ಸಂಸ್ಥೆಯವರು 1994ರಲ್ಲಿ ಇದರ ಕೆಲಸವನ್ನು ತೊಡಗಿದರು. ಒಂದು ಸಂಸ್ಥೆಯ ಫೋನು ಇನ್ನೊಂದು ಸಂಸ್ಥೆಯ ಯಂತ್ರದೊಡನೆ ಮಾತನಾಡಬೇಕಾದರೆ ಇಬ್ಬರೂ ಒಂದೇ ಕಟ್ಟಳೆಗೆ ಒಳಪಡಬೇಕಷ್ಟೆ. ಆದುದರಿಂದ 1998ರಲ್ಲಿ ಎರಿಕ್‌ಸನ್, ನೋಕಿಯ, ಐಬಿಎಂ, ಇಂಟೆಲ್, ತೋಷಿಬಾ ಎಂಬ ಐದು ಸಂಸ್ಥೆಗಳು ಸೇರಿ ಒಂದು ಕೂಟವನ್ನು ಕಟ್ಟಿಕೊಂಡವು.

ಬ್ಲೂಟೂತ್ ಎಂದರೆ ನೀಲಿ ಹಲ್ಲು. ಯಂತ್ರಕ್ಕೆ ಇದೆಂತಹ ಹೆಸರು ಎಂದು ಆಶ್ಚರ್ಯವಾಗಬಹುದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನಿಗೆ ಈ ಅಡ್ಡಹೆಸರಿತ್ತು. ಒಡೆದು ಹೋಗಿದ್ದ ಪಂಗಡಗಳನ್ನು ಅವನು ಒಂದುಗೂಡಿಸಿದನೆಂದು ಪ್ರಸಿದ್ಧಿ. ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವ ವಿಧಾನಕ್ಕೆ ಅವನ ಹೆಸರು ತಕ್ಕುದೆಂದು ಇಂಟೆಲ್ ಸಂಸ್ಥೆಯ ಜಿಮ್ ಕಾರ್ಡಾಕ್ ಎಂಬ ಎಂಜಿನಿಯರು ಸೂಚಿಸಿದರು. ತಾತ್ಕಾಲಿಕವಾಗಿ ಇಟ್ಟ ಹೆಸರೇ ಶಾಶ್ವತವಾಗಿ ನಿಂತಿತು. ಫೋನಿನ ತೆರೆಯ ಮೇಲೆ ಕಾಣುವ ಇದರ ಗುರುತು, ಆ ಅರಸನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ನಾರ್ಡಿಕ್ ಲಿಪಿಯಲ್ಲಿ ಬರೆದು ಜೋಡಿಸಿದ ಚಿಹ್ನೆಯಾಗಿದೆ.

ಈ ಅಲೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತವೆ. ಅಕ್ಕಪಕ್ಕದ ಕಾರುಗಳಲ್ಲಿಯೂ ಇಂತಹವೇ ಅಲೆಗಳಿರುವಾಗ ಒಂದರ ಮಾತು ಇನ್ನೊಂದರಲ್ಲಿ ಬೆರೆತುಹೋಗದೆ? ಅದಕ್ಕೂ ಉಪಾಯವುಂಟು. ಬ್ಲೂಟೂತಿನ ಮೂಲ ವಿಧಾನದಲ್ಲಿ ಅಲೆಗಳ ಹಾದಿಯನ್ನು 79 ಓಣಿಗಳಾಗಿ ಹಂಚಿದ್ದಾರೆ. ಫೋನೂ ಕಾರೂ ಒಂದೇ ಓಣಿಯಲ್ಲಿ ನಿಲ್ಲದೆ, ತಮ್ಮೊಳಗೆ ಗೊತ್ತುಮಾಡಿಕೊಂಡ ಕ್ರಮದಲ್ಲಿ ಸೆಕೆಂಡಿಗೆ 1,600 ಸಲ ಓಣಿಯಿಂದ ಓಣಿಗೆ ಜಿಗಿಯುತ್ತವೆ. ಜಾತ್ರೆಯ ಗದ್ದಲದಲ್ಲಿ ಇಬ್ಬರು ಗೆಳೆಯರು ಮೊದಲೇ ಮಾತಾಡಿಕೊಂಡಂತೆ ಅಂಗಡಿಯಿಂದ ಅಂಗಡಿಗೆ ಒಟ್ಟಿಗೆ ಸರಿದು ಮಾತನ್ನು ಮುಂದುವರಿಸಿದಂತೆ ಇದು. ಎಲ್ಲಿಯೋ ಒಂದು ಓಣಿಯಲ್ಲಿ ಇನ್ನೊಬ್ಬರ ಅಲೆ ಅಡ್ಡಬಂದರೂ ಮರುಕ್ಷಣವೇ ಮಾತು ಬೇರೊಂದು ಓಣಿಯಲ್ಲಿರುತ್ತದೆ.

ಹೊಸ ಕಾರಿಗೂ ನಮ್ಮ ಫೋನಿಗೂ ಮೊದಲ ಸಲ ಪರಿಚಯ ಮಾಡಿಸಬೇಕು. ಎರಡರಲ್ಲಿಯೂ ಬ್ಲೂಟೂತನ್ನು ತೆರೆದಾಗ ಕಾರಿನ ಹೆಸರು ಫೋನಿನ ತೆರೆಯ ಮೇಲೆ ಮೂಡುತ್ತದೆ. ಅದನ್ನು ಆರಿಸಿದರೆ ಸಾಮಾನ್ಯವಾಗಿ ಎರಡೂ ತೆರೆಗಳಲ್ಲಿ ಆರು ಅಂಕಿಗಳ ಒಂದು ಸಂಖ್ಯೆ ಕಾಣಿಸುತ್ತದೆ. ಎರಡೂ ಒಂದೇ ಎಂದು ನೋಡಿ ಒಪ್ಪಿಗೆ ಕೊಡಬೇಕು. ಆರು ಅಂಕಿಗಳಿಂದ ಹತ್ತು ಲಕ್ಷ ಬೇರೆ ಬೇರೆ ಸಂಖ್ಯೆಗಳು ಆಗುವುದರಿಂದ, ಪಕ್ಕದ ವಾಹನದ ಫೋನು ತಪ್ಪಿ ನಮ್ಮ ಕಾರಿಗೆ ಸೇರುವ ಸಂಭವ ತೀರ ಕಡಮೆ. ಒಮ್ಮೆ ಪರಿಚಯವಾದ ಮೇಲೆ ಎರಡೂ ಒಂದನ್ನೊಂದು ನೆನಪಿಟ್ಟುಕೊಳ್ಳುತ್ತವೆ. ಮರುದಿನ ಕಾರನ್ನು ಹತ್ತಿದೊಡನೆ ತಾವಾಗಿ ಕೂಡಿಕೊಳ್ಳುತ್ತವೆ. ಈ ಪರಿಚಯದ ಕಾರ್ಯವನ್ನು ಕಾರು ನಿಂತಿರುವಾಗಲೇ ಮಾಡಬೇಕು. ಫೋನಿನಲ್ಲಿರುವ ಹೆಸರುಗಳನ್ನೂ ಸಂಖ್ಯೆಗಳನ್ನೂ ಓದಿಕೊಳ್ಳಲು ಕಾರು ಅನುಮತಿ ಕೇಳುತ್ತದೆಂಬುದನ್ನೂ ಮರೆಯಬಾರದು. ಬಾಡಿಗೆಯ ಕಾರನ್ನು ಹಿಂದಿರುಗಿಸುವಾಗ, ಸ್ವಂತ ಕಾರನ್ನು ಮಾರುವಾಗ, ಅವನ್ನು ಅಳಿಸಿಯೇ ಇಳಿಯಬೇಕು. ಮನೆ ಬಿಡುವವನು ಬೀಗದ ಕೈಯನ್ನು ಅಲ್ಲಿಯೇ ಮರೆತು ಹೋಗಬಾರದಷ್ಟೆ.

ಮಾತು ಸ್ಪಷ್ಟವಾಗಿ ಕೇಳುವುದಕ್ಕೂ ಒಂದು ಜಾಣ್ಮೆ ಬೇಕು. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿಗೆ ಬಿದ್ದರೆ, ಕರೆದವರಿಗೆ ತಮ್ಮ ಮಾತೇ ಗುಡಿಯೊಳಗಿನ ಪ್ರತಿಧ್ವನಿಯಂತೆ ಮರಳಿ ಕೇಳುತ್ತದೆ. ಸ್ಪೀಕರಿಗೆ ಯಾವ ದನಿಯನ್ನು ಕಳುಹಿಸಿತೆಂಬುದು ಯಂತ್ರಕ್ಕೆ ತಿಳಿದಿರುತ್ತದೆ. ಮೈಕಿನಲ್ಲಿ ಬಂದ ಒಟ್ಟು ದನಿಯಿಂದ ಅದಷ್ಟನ್ನೂ ಕಳೆದು, ಉಳಿದ ಚಾಲಕನ ದನಿಯನ್ನು ಮಾತ್ರ ಅದು ಮುಂದಕ್ಕೆ ಸಾಗಿಸುತ್ತದೆ.

ಹೀಗೆ ಕೈಯ ತೊಡಕು ನಿವಾರಣೆಯಾಯಿತು. ಆದರೆ ವಾಹನವನ್ನು ನಡೆಸುವುದು ಕೈ ಮಾತ್ರವೆ? ಈ ಪ್ರಶ್ನೆಯನ್ನು ಲೆಕ್ಕವೊಂದರಿಂದ ಆರಂಭಿಸೋಣ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ; ಇದು ಸುಮಾರಾಗಿ ಕ್ರಿಕೆಟ್ ಪಿಚ್ಚಿನ ಉದ್ದ. ಚಾಲಕನ ಗಮನ ಐದು ಸೆಕೆಂಡು ಮಾತಿನಲ್ಲಿ ಮುಳುಗಿದರೆ ಅಷ್ಟರಲ್ಲಿ ಕಾರು 100 ಮೀಟರ್ ಓಟದ ಅಂಕಣವನ್ನೇ ದಾಟಿರುತ್ತದೆ. ಆ ನೂರು ಮೀಟರಿನಲ್ಲಿ ಶಾಲೆಯಿಂದ ಮರಳುವ ಮಗುವೊಂದು ರಸ್ತೆಗೆ ಇಳಿಯಲು ಎಷ್ಟು ಹೊತ್ತು ಬೇಕು?

ವಿಜ್ಞಾನಿಗಳು ಈ ವಿಷಯವನ್ನು ಪರೀಕ್ಷಿಸಿ ನೋಡಿದ್ದಾರೆ. ಕೆನಡದ ಟೊರಾಂಟೊ ನಗರದಲ್ಲಿ ರೆಡೆಲ್‌ಮಿಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ವಿದ್ವಾಂಸರು, ಅಪಘಾತಕ್ಕೆ ಸಿಕ್ಕಿದ 699 ಚಾಲಕರ ಫೋನ್ ಕರೆಗಳ ಲೆಕ್ಕವನ್ನು ಪರಿಶೀಲಿಸಿದರು. ಕರೆಯ ಸಮಯದಲ್ಲಿ ಅಪಘಾತದ ಸಂಭವ ನಾಲ್ಕು ಮಡಿ ಹೆಚ್ಚುತ್ತದೆಂದು ಅವರು 1997ರಲ್ಲಿ ಪ್ರಕಟಿಸಿದರು. ಕೈ ಬಳಸದೆ ಮಾತನಾಡುವ ಉಪಕರಣ ಇದ್ದವರಿಗೂ ಅದರಿಂದ ಹೆಚ್ಚಿನ ರಕ್ಷಣೆ ದೊರೆತುದು ಕಂಡುಬರಲಿಲ್ಲ. 2001ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಎಂಬುವರು ಪ್ರಯೋಗಶಾಲೆಯಲ್ಲಿ ಚಾಲನೆಯನ್ನು ಹೋಲುವ ಕೆಲಸವೊಂದನ್ನು ಜನರಿಂದ ಮಾಡಿಸಿದರು. ಫೋನಿನಲ್ಲಿ ಮಾತನಾಡುತ್ತಿದ್ದವರು ಕೆಂಪು ದೀಪವನ್ನು ಗಮನಿಸದೆ ಹೋದ ಪ್ರಸಂಗಗಳು ಇಮ್ಮಡಿಯಾದವು. ಫೋನು ಕೈಯಲ್ಲಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಸುಮ್ಮನೆ ರೇಡಿಯೋ ಕೇಳುತ್ತಿದ್ದವರಲ್ಲಿ ಈ ದೋಷ ಕಾಣಲಿಲ್ಲ. ಆದುದರಿಂದ ಕೇಡು ಕೈಯಲ್ಲಿ ಮಾತ್ರವೇ ಇಲ್ಲ, ಸಂಭಾಷಣೆಯಲ್ಲಿದೆ ಎಂಬುದು ಸ್ಪಷ್ಟ. ಕಣ್ಣು ದೀಪದ ಕಡೆಗೇ ಇರುತ್ತದೆ. ಆದರೆ ಮನಸ್ಸು ನೋಡುವುದಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದೂ ತಪ್ಪೆ ಎಂದು ಕೇಳಬಹುದು. ಎರಡಕ್ಕೂ ಅಂತರವಿದೆ. ಪಕ್ಕದವರಿಗೂ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ಬಂದಾಗ ಅವರು ತಾವಾಗಿ ಮಾತು ನಿಲ್ಲಿಸುತ್ತಾರೆ. ತಿರುವು ಬಂದಾಗ ಎಚ್ಚರಿಸುತ್ತಾರೆ. ದೂರದಲ್ಲಿರುವವರಿಗೆ ಲಾರಿಯೂ ಕಾಣದು, ತಿರುವೂ ಕಾಣದು. ಅವರು ಉತ್ತರವನ್ನು ನಿರೀಕ್ಷಿಸುತ್ತಲೇ ಇರುತ್ತಾರೆ. ನಮ್ಮ ನಾಡಿನ ಅಷ್ಟಾವಧಾನದ ಸಭೆಯನ್ನು ನೀವು ಕಂಡಿರಬಹುದು, ಇಲ್ಲವೆ ಕೇಳಿರಬಹುದು. ಎಂಟು ಮಂದಿ ಪೃಚ್ಛಕರು ಒಡ್ಡುವ ಸವಾಲುಗಳನ್ನು ಅವಧಾನಿಯು ಒಬ್ಬನೇ ನಿರ್ವಹಿಸುತ್ತಾನೆ. ಅವನ ಏಕಾಗ್ರತೆಯನ್ನು ಕೆಡಿಸುವುದಕ್ಕೆಂದೇ ಅಪ್ರಸ್ತುತ ಪ್ರಸಂಗ ಎಂಬ ವಿಭಾಗವಿರುತ್ತದೆ. ಆ ಪೃಚ್ಛಕನು ನಡುನಡುವೆ ಸಂಬಂಧವಿಲ್ಲದ ಪ್ರಶ್ನೆಗಳನ್ನು ಹಾಕುತ್ತಾನೆ. ಅದನ್ನು ಗೆಲ್ಲಲು ಅವಧಾನಿಗೆ ವರ್ಷಗಟ್ಟಲೆ ಸಾಧನೆ ಬೇಕು. ಸಾಧನೆ ಮಾಡಿದವನೂ ಒಮ್ಮೆ ಎಡವಬಹುದು. ಎಡವಿದರೆ ಒಂದು ಪದ್ಯದ ಪಾದ ಕೆಟ್ಟೀತು, ಅಷ್ಟೆ. ಕಾರಿನಲ್ಲಿ ಮೊಳಗುವ ಫೋನು ಅಂತಹ ಅಪ್ರಸ್ತುತ ಪ್ರಸಂಗಿ. ಆದರೆ ಚಾಲಕನು ಅವಧಾನಿಯಲ್ಲ. ಅವನು ಎಡವಿದರೆ ಕೆಡುವುದು ಪದ್ಯವೂ ಅಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದು ಅಪಾಯಕಾರಿ ಚಾಲನೆಯ ಅಪರಾಧದಲ್ಲಿ ಸೇರುತ್ತದೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮವು ಅಂತಹ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ, ಬಳಸಲು ಅವಕಾಶ ಕೊಡುತ್ತದೆ. ಕಾನೂನು ಕೈಯನ್ನು ಕಾಣಬಲ್ಲದು. ಚಾಲಕನ ಮನಸ್ಸು ಎಲ್ಲಿದೆಯೆಂಬುದನ್ನು ಯಾವ ಪೊಲೀಸಿನವರೂ ರಸ್ತೆಯ ಬದಿಯಲ್ಲಿ ನಿಂತು ಕಾಣಲಾರರು. ಕಾನೂನಿನ ದೃಷ್ಟಿ ನಿಂತಲ್ಲಿಂದ ಮುಂದಕ್ಕೆ ವಿವೇಕದ ದೃಷ್ಟಿ ಆರಂಭವಾಗಬೇಕು. 2022ನೆಯ ವರ್ಷವೊಂದರಲ್ಲಿಯೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೆಲ್ಲ ಫೋನೇ ಕಾರಣವಲ್ಲ. ಆದರೆ ನಮ್ಮ ಕೈಯಲ್ಲಿಯೇ ಇರುವ ಒಂದು ಕಾರಣವನ್ನಾದರೂ ನಾವು ತೊಡೆದುಹಾಕಬಹುದಲ್ಲವೆ?

ಹೀಗೆಂದು ಈ ಉಪಕರಣವನ್ನು ಹಳಿಯಬೇಕಾಗಿಲ್ಲ. ಅದನ್ನು ಅರಿತು ಬಳಸಬೇಕು. ಹೊರಡುವ ಮೊದಲೇ ಹೋಗಬೇಕಾದ ಊರನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು. ಮಾಡಬೇಕಾದ ಕರೆಗಳನ್ನು ಮನೆಯಲ್ಲಿಯೇ ಮುಗಿಸಬೇಕು. ದಾರಿಯಲ್ಲಿ ತೀರ ಅಗತ್ಯವಾದ ಕರೆ ಬಂದರೆ, "ಗಾಡಿಯಲ್ಲಿದ್ದೇನೆ, ನಿಲ್ಲಿಸಿ ಮಾತನಾಡುತ್ತೇನೆ" ಎಂದು ಹೇಳುವಷ್ಟಕ್ಕೆ ಈ ವ್ಯವಸ್ಥೆ ಸಾಕು. ಲೆಕ್ಕಾಚಾರ, ವಾದ, ದುಃಖದ ಸುದ್ದಿ ಇವು ಓಡುವ ಕಾರಿಗೆ ತಕ್ಕವಲ್ಲ. ಅವುಗಳಿಗಾಗಿ ಸುರಕ್ಷಿತವಾದ ಕಡೆ ಕಾರನ್ನು ನಿಲ್ಲಿಸಬೇಕು.

ವಾಹನ ನಡೆಸುವ ವಯಸ್ಸು ನಿಮಗೆ ಇನ್ನೂ ಬಂದಿಲ್ಲ. ಆದರೂ ಈ ವಿಷಯದಲ್ಲಿ ನಿಮ್ಮ ಪಾತ್ರ ಚಿಕ್ಕದಲ್ಲ. ಸಂಜೆ ತಂದೆ ಬರುವುದು ತಡವಾದಾಗ ಫೋನು ಮಾಡುವವರು ಸಾಮಾನ್ಯವಾಗಿ ನೀವೇ ಅಲ್ಲವೆ? ಅತ್ತ ಕಡೆಯಿಂದ ಕಾರಿನ ಸದ್ದು ಕೇಳಿದೊಡನೆ, "ಅಪ್ಪಾ, ಗಾಡಿ ನಿಲ್ಲಿಸಿದ ಮೇಲೆ ನೀವೇ ಮಾಡಿ" ಎಂದು ಹೇಳಿ ಕರೆಯನ್ನು ಮುಗಿಸಿರಿ. ಕಾರಿನಲ್ಲಿ ಅವರ ಪಕ್ಕದಲ್ಲಿ ಕುಳಿತಿರುವಾಗ ಫೋನು ಮೊಳಗಿದರೆ ಅದಕ್ಕೆ ನೀವೇ ಉತ್ತರ ಕೊಡಿರಿ. ಹಿಂದೆ ಗಾಡಿಯವನು ಮೈಮರೆತಾಗ ಹಾದಿಯನ್ನು ಕಾಯಲು ಎತ್ತುಗಳಿದ್ದವು. ಈಗ ಆ ಎಚ್ಚರವನ್ನು ಮನುಷ್ಯರೇ ಒಬ್ಬರಿಗೊಬ್ಬರು ಆಗಿ ಕಾಯಬೇಕಾಗಿದೆ.